ವಾಲ್ಟರ್ ಅವರ ಒಲೆ, ನನ್ನ ನಾಲಿಗೆ

ಈಚೆಗೆ ಅಮೆರಿಕದ ನಮ್ಮ ನೋವೈ ಊರಿನ ಸುತ್ತಮುತ್ತ ಹಿತ್ತಲಲ್ಲಿ ಮೇಪಲ್ ಮರವಿರುವ ಕನ್ನಡದವರೆಲ್ಲ ಫೆಬ್ರವರಿ ಬಂತೆಂದರೆ ಮರಕ್ಕೊಂದು ತೂತು ಕೊರೆದು ಬಕೆಟ್ಟು ನೇತುಹಾಕುತ್ತಿದ್ದಾರೆ. ಆಮೇಲೆ ನನಗೆ ಫೋನ್ ಮಾಡುತ್ತಾರೆ. "ವಿಮಲಾ ಆಂಟಿ, ಬಕೆಟ್ ತುಂಬಿದೆ, ಈಗ ಎಷ್ಟು ಹೊತ್ತು ಕುದಿಸ್ಬೇಕು?" ಎನ್ನುತ್ತಾರೆ. "ಆಗೋವರ್ಗೂ ಕುದಿಸ್ಬೇಕಪ್ಪ" ಎನ್ನುತ್ತೇನೆ. ಇದನ್ನು ಜಂಬ ಎಂದುಕೊಳ್ಳುತ್ತಾರೆ. ಜಂಬವಲ್ಲ, ಇರುವ ಉತ್ತರವೇ ಅದು. ಮಂಡಿ ನೋವು ಬಂದು ಒಲೆಯ ಮುಂದಿನ ಕೆಲಸ ಬಿಟ್ಟಾಯಿತು. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿಸಿಕೊಳ್ಳುವ ಬದಲು ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ.

ಇದಕ್ಕೂ ಮೊದಲು ನಾನು ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯ ಪರೀಕ್ಷಾ ಲ್ಯಾಬಿನಲ್ಲಿದ್ದೆ. ರಬ್ಬರ್ ಹೋಸುಗಳನ್ನು ಬಿಸಿ ಎಣ್ಣೆಯಲ್ಲಿ ಅದ್ದಿ, ಯಾವಾಗ ಬಿರಿಯುತ್ತವೆ ಎಂದು ಕಾಯುತ್ತ ಕೂರುವ ಕೆಲಸ. ಅದರ ಬಗ್ಗೆ ಬರೆದರೆ ಓದುವವರ ತಲೆಯೂ ಬಿರಿದೀತು, ಬಿಡಿ. ರಿಸೆಷನ್ ಬಂದಾಗ ಕಾರು ಕೊಳ್ಳುವವರೇ ಇಲ್ಲವಾದರು, ಲ್ಯಾಬಿಗೆ ಬೀಗ ಬಿತ್ತು. ಆ ಚಳಿಗಾಲ ಬಾಲಾಜಿ ದೇವಸ್ಥಾನದಲ್ಲಿ ವಾರದ ಮಧ್ಯೆ ಹಾಡುಹಗಲಲ್ಲೇ ಎಂಜಿನಿಯರುಗಳ ಪ್ರದಕ್ಷಿಣೆ ನಡೆಯುತ್ತಿತ್ತು. "ಏನು, ಇವತ್ತು ರಜಾನಾ?" ಎಂದು ಒಬ್ಬರು ಕೇಳುವುದು, "ಹೂಂ, ರಜಾ" ಎಂದು ಇನ್ನೊಬ್ಬರು ಹೇಳುವುದು, ಕೇಳಿದವರಿಗೂ ರಜವೇ ಆಗಿರುವುದು.

ನನಗೆ ಸುಮ್ಮನೆ ಕೂತು ಗೊತ್ತಿಲ್ಲ. ನಮ್ಮ ಹಿತ್ತಲಲ್ಲೂ ಒಂದು ಮೇಪಲ್ ಮರವಿತ್ತು. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇರುವ ದಿನಗಳಲ್ಲಿ ಅದರ ರಸ ಇಳಿಯುತ್ತದೆ, ಕುದಿಸಿದರೆ ಸಿರಪ್ ಆಗುತ್ತದೆ ಎಂದು ಎಲ್ಲೋ ಓದಿದ್ದೆ. ದೊಡ್ಡ ಪಾತ್ರೆಯಲ್ಲಿ ಅಡುಗೆಮನೆಯ ಒಲೆಯ ಮೇಲೇ ಇಟ್ಟೆ. ನಲವತ್ತು ಪಾಲು ರಸ ಕುದಿಸಿದರೆ ಒಂದು ಪಾಲು ಸಿರಪ್ ಎಂಬುದು ಗೊತ್ತಿತ್ತು. ಉಳಿದ ಮೂವತ್ತೊಂಬತ್ತು ಪಾಲು ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿರಲಿಲ್ಲ. ಅದು ಗೋಡೆಗೆ ಹೋಯಿತು. ನಮ್ಮ ಯಜಮಾನರು ಪ್ರಸಾದ್ ಊಟದ ಮೇಜಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದರು. ಅವರ ಹಿಂದಿನ ಗೋಡೆಯ ಹೂವಿನ ವಾಲ್‌ಪೇಪರ್ ಮೇಲಿನಿಂದ ಮೆಲ್ಲಗೆ ಬಿಟ್ಟುಕೊಂಡು ಬಂದು ಅವರ ತಲೆಯ ಮೇಲೆ ಮುಸುಕಿನ ಹಾಗೆ ಕೂತಿತು. ಅವರು ಅದನ್ನು ತೆಗೆಯಲೂ ಇಲ್ಲ. ಒಳಗಿನಿಂದಲೇ, "ವಿಮಲಾ, ನಿಂಗೆ ಏನಾದ್ರೂ ಮಾಡ್ಲೇಬೇಕು ಅಂದ್ರೆ ಬೇರೆಯವ್ರ ಮನೇಲಿ ಮಾಡೆ" ಎಂದರು. ಹೊಸಬರಿಗೆ ನನ್ನ ಮೊದಲ ಮಾತು ಇದೇ: ಮನೆಯೊಳಗೆ ಕುದಿಸಬೇಡಿ.

ಯಜಮಾನರ ಮಾತನ್ನು ನಾನು ಮೀರಿದವಳಲ್ಲ. ಮರುದಿನವೇ ಲೈಬ್ರರಿಯ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು: "ಮೇಪಲ್ ಒಲೆಯ ಬೆಂಕಿ ನೋಡಿಕೊಳ್ಳಲು ಜನ ಬೇಕು. ಮಾತು ಕಡಿಮೆ ಇರಲಿ." ಎರಡನೆಯ ವಾಕ್ಯವನ್ನು ಓದದವಳ ಹಾಗೆ ಕಾರು ಹತ್ತಿದೆ.

ಫ್ರೀವೇ ಬಿಟ್ಟು ಮಣ್ಣುರಸ್ತೆ ಹಿಡಿದು ಹೋದರೆ ಆ ಚೀಟಿ ಬರೆದ ವಾಲ್ಟರ್ ಅವರ ಜಾಗ. ಎಂಬತ್ತು ದಾಟಿದ, ಒಣಗಿದ ನುಗ್ಗೆಕಾಯಿಯಂಥ ಮನುಷ್ಯ. ಕಾರು ಕಾರ್ಖಾನೆಯ ಟೂಲ್ ರೂಮಿನಲ್ಲಿ ಜೀವಮಾನವೆಲ್ಲ ದುಡಿದವರು. ಒಲೆಯನ್ನು ಅವರೇ ಮಾಡಿಕೊಂಡಿದ್ದರು. ಹಿಂದೆ ಮನೆ ಬಿಸಿ ಮಾಡಲು ಎಣ್ಣೆ ತುಂಬುತ್ತಿದ್ದ ಕಬ್ಬಿಣದ ಟ್ಯಾಂಕನ್ನು ಅಡ್ಡ ಮಲಗಿಸಿ, ಬೆನ್ನನ್ನು ಕೊಯ್ದು, ಅದರ ಮೇಲೆ ಮಂಚದಷ್ಟು ಉದ್ದದ ಸ್ಟೀಲ್ ತಟ್ಟೆ ಕೂರಿಸಿದ್ದರು. ಒಂದು ಕೊನೆಯಲ್ಲಿ ಹಳೆಯ ಸ್ಟೋವಿನ ಬಾಗಿಲು, ಇನ್ನೊಂದು ಕೊನೆಯಲ್ಲಿ ಚಿಮಣಿ. ಆ ಹೊಗೆಗೂಡಿನಂಥ ಕೊಟ್ಟಿಗೆಯಲ್ಲಿ ನಡೆದದ್ದೇ ನನ್ನ ಸಂದರ್ಶನ. ವಾಲ್ಟರ್ ಮಾತಾಡಿದ್ದು ಇಂಗ್ಲಿಷಿನಲ್ಲೇ. ನನ್ನ ನೆನಪಿನಲ್ಲಿ ಅದು ಕನ್ನಡವಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ಪಾತ್ರೆ ನೋಡ್ತಾ ನಿಂತ್ಕೊಳ್ಳೋ ತಾಳ್ಮೆ ಇದೆಯಾ?" ಎಂದರು.

"ಮದುವೆಯಾದಾಗಿನಿಂದ ಹಾಲು ಉಕ್ಕದ ಹಾಗೆ ಕಾಯ್ಕೊಂಡು ಬಂದಿದೀನಿ" ಎಂದೆ.

"ಉಕ್ಕಿದೆಯಾ?"

"ಯಾರಾದ್ರೂ ಮಾತಾಡ್ಸಿದಾಗ ಮಾತ್ರ."

ಕೆಲಸ ಸಿಕ್ಕಿತು. ಅವರನ್ನು ಕರೆಯುವುದು ಹೇಗೆ ಎಂಬ ಕಷ್ಟವೂ ಜೊತೆಗೇ ಸಿಕ್ಕಿತು. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕೂಗಲು ಮೈಸೂರಿನವಳಾದ ನನಗೆ ನಾಲಿಗೆ ಏಳಲಿಲ್ಲ. ಅಂಕಲ್ ಎಂದರೆ ಅವರು ಹಿಂದೆ ತಿರುಗಿ ಯಾರಿದ್ದಾರೆಂದು ನೋಡುತ್ತಿದ್ದರು. ಕೊನೆಗೆ ಮನೆಯಲ್ಲಿ ಯಜಮಾನರನ್ನು ಕರೆಯುವಂತೆಯೇ "ರೀ, ಇಲ್ನೋಡಿ" ಎನ್ನತೊಡಗಿದೆ. ಅವರು ಓಗೊಟ್ಟರು. ಒಂದು ಭಾನುವಾರ ಪ್ರಸಾದ್ ನನ್ನನ್ನು ಕರೆದೊಯ್ಯಲು ಬಂದಾಗ ನಾನು "ರೀ" ಎಂದದ್ದಕ್ಕೆ ಇಬ್ಬರೂ ಒಟ್ಟಿಗೆ ತಿರುಗಿದರು. ನಮ್ಮವರ ಮುಖ ನೋಡಬೇಕಿತ್ತು.

ಕೆಲಸವೆಂದರೆ ಇಷ್ಟೇ. ಕೆಲವೇ ನಿಮಿಷಕ್ಕೊಮ್ಮೆ ಸೌದೆ ಒಟ್ಟಬೇಕು. ತಟ್ಟೆಯಲ್ಲಿ ರಸ ಎರಡು ಬೆರಳಿಗಿಂತ ಕೆಳಗಿಳಿಯಲು ಬಿಡಬಾರದು. ಇಳಿದರೆ ತಳ ಹತ್ತುತ್ತದೆ, ತಳ ಹತ್ತಿದರೆ ತಟ್ಟೆಯೇ ಹೋಗುತ್ತದೆ. ರಸ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದಾಗ ನಲ್ಲಿ ತಿರುಗಿಸಿ ಇಳಿಸಿಕೊಂಡು, ಅದರಲ್ಲಿ ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆ ತೇಲಿಬಿಟ್ಟು ಕೆಂಪು ಗೆರೆಗೆ ಬಂತೇ ಎಂದು ನೋಡಬೇಕು. ಆಮೇಲೆ ಸೋಸಿ ಬಾಟಲಿಗೆ ತುಂಬಬೇಕು. ಕೇಳಲು ಸುಲಭ. ಮದುವೆಯೂ ಕೇಳಲು ಸುಲಭವೇ.

ನನ್ನ ಮೊದಲ ಎಡವಟ್ಟಿಗೆ ಕಾರಣ ನನ್ನ ಅಡುಗೆ. ಗಾಜಿನ ಕೊಳವೆ ನೋಡಿ ಪಾಕ ಇಳಿಸುವುದು ನನಗೆ ಅವಮಾನವೆನಿಸಿತು. ನನ್ನ ಮೈಸೂರು ಪಾಕು ನಮ್ಮ ಬಳಗದಲ್ಲೇ ಹೆಸರುವಾಸಿ. ಬೆರಳಿಗೆ ಹಚ್ಚಿ ಎಳೆದು, ಒಂದೆಳೆ ಬಂದ ಮೇಲೆಯೇ ಇಳಿಸಿದೆ. ವಾಲ್ಟರ್ ಊಟಕ್ಕೆ ಹೋಗಿದ್ದರು. ಎರಡು ದಿನ ಬಿಟ್ಟು ನೋಡಿದರೆ ಬಾಟಲಿಗಳ ತುಂಬ ಕಲ್ಲುಸಕ್ಕರೆ. ತಲೆಕೆಳಗು ಮಾಡಿದರೂ ಒಂದು ಹನಿ ಬೀಳದು. ಸಿರಪ್ಪಿಗೆ ಎಳೆ ಬರುವ ಮೊದಲೇ ಇಳಿಸಬೇಕು, ತಿಳಿಯಿತೇ. ವಾಲ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇದನ್ನ ದೋಸೆ ಮೇಲೆ ಸುರಿಯೋಕಾಗಲ್ಲ, ಕಳ್ಳ ಬಂದ್ರೆ ಹೊಡೆಯೋಕಾಗುತ್ತೆ" ಎಂದರು. ಪ್ಯಾನ್‌ಕೇಕನ್ನು ನಾನು ಅವರ ಮುಂದೆ ದೋಸೆ ಎಂದು ಕರೆದು ಕರೆದು ಅವರಿಗೂ ಅದೇ ರೂಢಿಯಾಗಿತ್ತು.

ಶನಿವಾರ ಭಾನುವಾರ ಕನ್ನಡದವರು ನೋಡಲು ಬರುವರು. ಬಂದವರೆಲ್ಲ ಒಂದೊಂದು ಸಲಹೆ ತರುವರು. ಏಲಕ್ಕಿ ಹಾಕಿ ಎಂದರು ಒಬ್ಬರು. ಮಂಡ್ಯದ ಒಬ್ಬ ಗೌಡರಂತೂ ಆಲೆಮನೆಯಲ್ಲೇ ಹುಟ್ಟಿದವರ ಹಾಗೆ ತಟ್ಟೆಯ ಸುತ್ತ ತಿರುಗಿ, "ನೊರೇಲಿ ಕೊಳೆ ಅಂಗೇ ಐತೆ ಕಣಮ್ಮ. ಬೆಂಡೆಕಾಯಿ ಲೋಳೆ ಬಿಡಬೇಕು, ಕೊಳೆಯೆಲ್ಲ ಮೇಲಕ್ಕೆ ಬತ್ತದೆ. ಆಮ್ಯಾಕೆ ಒಂಚೂರು ಸುಣ್ಣ" ಎಂದು, ಕೋಟಿನ ಜೇಬಿನಿಂದ ಫ್ರೋಜನ್ ಬೆಂಡೆಕಾಯಿಯ ಪೊಟ್ಟಣವನ್ನೇ ತೆಗೆದರು. ಬೆಲ್ಲಕ್ಕೆ ಅದು ಸರಿಯಾದ ಕ್ರಮವೇ, ಗೌಡರು ತಪ್ಪು ಹೇಳಲಿಲ್ಲ. ಆದರೆ ವಾಲ್ಟರ್ ಆ ಪೊಟ್ಟಣ ನೋಡಿ, ತಟ್ಟೆಗೂ ಗೌಡರಿಗೂ ನಡುವೆ ಸೌದೆಯ ಗಾಡಿಯನ್ನು ತಂದು ನಿಲ್ಲಿಸಿದರು. ಗೌಡರು ಹೋಗುವವರೆಗೂ ಅದನ್ನು ಸರಿಸಲಿಲ್ಲ.

ಇನ್ನು ನೊರೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಕಥೆಯೆಲ್ಲ ಇರುವುದು ಅಲ್ಲೇ. ರಸ ಕುದಿಯುವಾಗ ಒಮ್ಮೊಮ್ಮೆ ಹಾಲಿನಂತೆ ಉಕ್ಕಿ ಬರುತ್ತದೆ. ಒಂದು ತೊಟ್ಟು ಬೆಣ್ಣೆ ಬಿಟ್ಟರೆ ಪಟ್ಟನೆ ಇಳಿಯುತ್ತದೆ. ಒಂದು ಬೆಳಿಗ್ಗೆ ಬೆಣ್ಣೆ ಮುಗಿದಿತ್ತು. ನಾನು ಊಟದ ಡಬ್ಬಿಯ ಜೊತೆ ತಂದಿದ್ದ ತುಪ್ಪದ ಗಿಂಡಿಯಿಂದ ಎರಡು ಚಮಚ ಸುರಿದೆ. ನೊರೆ ಇಳಿಯಿತು. ಆಮೇಲೆ ವಾಸನೆ ಎದ್ದಿತು. ಹಿಂದಿನ ದಿನ ಸಾರಿಗೆ ಒಗ್ಗರಣೆ ಮಾಡಿ ಮಿಕ್ಕಿದ್ದ ತುಪ್ಪವನ್ನು ಅದೇ ಗಿಂಡಿಗೆ ಬಸಿದಿದ್ದೆ. ಇಂಗನ್ನು ನಾನು ಯಾವತ್ತೂ ಕೈಹಿಡಿದು ಹಾಕಿದವಳಲ್ಲ. ಕೊಟ್ಟಿಗೆಯೆಲ್ಲ ಮದುವೆಮನೆಯ ಅಡುಗೆಶಾಲೆಯಾಯಿತು. ವಾಲ್ಟರ್ ಅವರ ನಾಯಿ ಎದ್ದು ನಿಂತು, ನನ್ನನ್ನು ಒಮ್ಮೆ ನೋಡಿ, ಹಿಮಕ್ಕೆ ಇಳಿದು ಹೋಯಿತು.

ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ವಾಲ್ಟರ್ ಚಮಚದಲ್ಲಿ ತೆಗೆದು, ಊದಿ, ನಾಲಿಗೆಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿದರು. "ಈ ವರ್ಷದಲ್ಲೇ ಚೆನ್ನಾಗಿರೋದು ಇದು" ಎಂದರು.

ನಾನೂ ಒಂದು ಚಮಚ ನೆಕ್ಕಿದೆ. ಸಿಹಿ ಹೆಚ್ಚಾದ ಸಾರು. "ರೀ, ನಿಮಗೆ ವಾಸನೆ ಗೊತ್ತಾಗುತ್ತಾ?" ಎಂದು ನೇರವಾಗಿ ಕೇಳಿಬಿಟ್ಟೆ.

ಅವರು ಹೋಗಿ ಕೊಟ್ಟಿಗೆಯ ಬಾಗಿಲು ಮುಂದೆಮಾಡಿ ಬಂದರು. ಕೆಲವು ಚಳಿಗಾಲಗಳ ಹಿಂದೆ ಬಂದ ಜ್ವರ ಮೂಗನ್ನು ತೆಗೆದುಕೊಂಡು ಹೋಯಿತಂತೆ, ಅದರ ಜೊತೆಗೆ ರುಚಿಯೂ ಹೋಯಿತಂತೆ. ಸಿಹಿ, ಉಪ್ಪು ಇಷ್ಟು ಮಾತ್ರ ಗೊತ್ತಾಗುತ್ತದೆ. ಹಿಂದಿನ ವರ್ಷ ಋತುವಿನ ಕೊನೆಗೆ ಮರ ಚಿಗುರಲು ಹೊರಟಾಗಲೂ ಇವರಿಗೆ ತಿಳಿಯದೆ ಕುದಿಸುತ್ತಲೇ ಇದ್ದರು. ಮೊಗ್ಗು ಬಲಿಯತೊಡಗಿದರೆ ರಸ ಕೆಡುತ್ತದೆ. ಅದು ಗಾಜಿನ ಕೊಳವೆಗೂ ಗೊತ್ತಾಗದು, ಕಣ್ಣಿಗೂ ಗೊತ್ತಾಗದು, ಬಾಯಿಗೆ ಮಾತ್ರ ಗೊತ್ತು. ಕೊಂಡವರು ಬಾಟಲಿಗಳನ್ನು ಸಾಲಾಗಿ ತಂದು ವಾಪಸು ಇಟ್ಟು ಹೋದರು. ಅಪ್ಪನಿಗೆ ವಯಸ್ಸಾಯಿತು, ಕೆಲಸದ ಮೇಲೆ ನಿಗಾ ಇಲ್ಲ ಎಂದು ಮಗಳು ಕ್ಯಾರನ್ ತೀರ್ಮಾನಿಸಿದ್ದಳು. ಈ ಸಲವೂ ಒಂದೇ ಒಂದು ಬಾಟಲಿ ವಾಪಸು ಬಂದರೆ ಒಲೆ ಗುಜರಿಗೆ ಎಂದು ಹೇಳಿ, ಗುಜರಿಯವನನ್ನು ಕರೆತಂದು ಒಲೆಯನ್ನೂ ತೋರಿಸಿ ಹೋಗಿದ್ದಳಂತೆ.

"ಮೂಗಿಲ್ಲ ಅಂತ ಗೊತ್ತಾದ್ರೆ ನಾಳೆಯೇ ಬರ್ತಾನೆ ಅವನು. ಕ್ಯಾರನ್‌ಗೆ ಹೇಳ್ಬೇಡ" ಎಂದರು. ಮರದ ಕೊರಡಿನ ಮೇಲೆ ಕೂತು ಒಲೆಯ ಬಾಗಿಲನ್ನು ನೋಡುತ್ತಿದ್ದರು. ಬೀಗ ಬಿದ್ದ ಲ್ಯಾಬಿನ ಬಾಗಿಲನ್ನು ನಾನೂ ಹಾಗೇ ನೋಡಿದ್ದೆ.

ಆ ಇಂಗಿನ ಸಿರಪ್ ಏನಾಯಿತೆಂದು ಕೇಳಬೇಡಿ. ಆ ವರ್ಷವೆಲ್ಲ ನಮ್ಮ ಮನೆಯ ಸಾರಿಗೆ ಬೆಲ್ಲವೂ ಬೇಕಾಗಲಿಲ್ಲ, ಒಗ್ಗರಣೆಯೂ ಬೇಕಾಗಲಿಲ್ಲ.

ಅಂದಿನಿಂದ ನಮ್ಮಿಬ್ಬರಲ್ಲಿ ಒಂದು ಏರ್ಪಾಟಾಯಿತು. ನಾನು ಮೊದಲು ರುಚಿ ನೋಡುವುದು. ಆಮೇಲೆ ಅವರು ಎಲ್ಲರ ಮುಂದೆ ಚಮಚವನ್ನು ತುಟಿಗೆ ತಾಗಿಸಿ ನನ್ನ ಕಡೆ ನೋಡುವುದು. ಸರಿಯಿದ್ದರೆ ನಾನು ಸುಮ್ಮನಿರುವುದು, ಸರಿಯಿಲ್ಲದಿದ್ದರೆ ಕೆಮ್ಮುವುದು. ಬಹಳ ಜಾಣತನದ ಉಪಾಯ ಎಂದು ಹೆಮ್ಮೆಪಟ್ಟೆವು. ಮುಂದಿನ ವಾರ ನನಗೆ ನೆಗಡಿಯಾಯಿತು. ಅಪ್ಪಟ ಬಂಗಾರದಂಥ ಒಂದು ಪಾತ್ರೆ ಸಿರಪ್ ಮುಂದೆ ನಿಂತು ನಾನು ಗೂರಲು ಹತ್ತಿದವರ ಹಾಗೆ ಕೆಮ್ಮಿದೆ. ವಾಲ್ಟರ್ ಗಂಭೀರವಾಗಿ ಎತ್ತಿ ಹೊರಗೆ ಚೆಲ್ಲಿದರು. "ರೀ, ಅದು ನಿಜವಾದ ಕೆಮ್ಮು" ಎಂದು ನಾನು ಓಡುವಷ್ಟರಲ್ಲಿ ಹಿಮವೆಲ್ಲ ಕಂದಾಗಿತ್ತು. ಅಂದಿನಿಂದ ಕೆಮ್ಮಿನ ಬದಲು ಮಂಕಿ ಕ್ಯಾಪ್ ಸರಿಪಡಿಸಿಕೊಳ್ಳುವುದು ಎಂದಾಯಿತು.

ನೆಗಡಿಯಿಂದ ನನ್ನ ಮೂಗೂ ಕಟ್ಟಿತ್ತು. ಒಲೆಯ ಮುಂದೆ ಇಬ್ಬರು, ಇಬ್ಬರಿಗೂ ಮೂಗಿಲ್ಲ. ಪ್ರಸಾದ್ ಅವರನ್ನು ಕರೆಯುವಂತಿರಲಿಲ್ಲ, ಅವರಿಗೆ ಉಪ್ಪಿಟ್ಟಿಗೂ ಕೇಸರಿಬಾತಿಗೂ ಬಣ್ಣದಲ್ಲಷ್ಟೇ ವ್ಯತ್ಯಾಸ. ಕೊನೆಗೆ ನಾವು ದಿನಸಿ ತರುವ ಅಂಗಡಿಯ ಇಮ್ತಿಯಾಜ್ ಭಾಯಿಗೆ ಫೋನ್ ಮಾಡಿದೆ. ಹುಬ್ಬಳ್ಳಿಯವರು, ಮೂಸಿ ನೋಡಿಯೇ ಬಾಸುಮತಿಯ ವಯಸ್ಸು ಹೇಳುವವರು. ಬಂದರು, ಆದರೆ ಶುಕ್ರವಾರದ ನಮಾಜು ಮುಗಿಸಿ ಅತ್ತರು ಹಚ್ಚಿಕೊಂಡೇ ಬಂದರು. ಅವರ ಮೂಗಿಗೂ ಸಿರಪ್ಪಿಗೂ ನಡುವೆ ಗುಲಾಬಿ ತೋಟವೇ ನಿಂತಿತ್ತು. ಹೊರಗೆ ಹೋಗಿ ಹಿಮದಲ್ಲಿ ಕೈ, ಕುತ್ತಿಗೆ ಉಜ್ಜಿಕೊಂಡು ಬಂದು ಮತ್ತೆ ನೋಡಿದರು. "ಭಾಳ ಛಲೋ ಆಗೇದ್ರಿ ಅಕ್ಕಾರ. ಆದ್ರ ಇದು ಈ ಅಜ್ಜಾರಿಗೆ ಗೊತ್ತಾಗಂಗಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು.

"ಗೊತ್ತಾಗಲ್ಲ ಭಾಯಿ. ಯಾರಿಗೂ ಹೇಳ್ಬೇಡಿ."

"ನಾ ಯಾಕ ಹೇಳ್ಲಿರಿ. ನನ್ನ ಕಣ್ಣೂ ಹಂಗ ಅವ, ಅಂಗಡ್ಯಾಗ ಯಾರಿಗೂ ಗೊತ್ತಿಲ್ಲ." ನನ್ನ ನೆಗಡಿ ಬಿಡುವವರೆಗೂ ಅವರು ಅಂಗಡಿ ತೆರೆಯುವ ಮೊದಲು ಬಂದು ಮೂಸಿ ಹೋಗುತ್ತಿದ್ದರು, ಅತ್ತರಿಲ್ಲದೆ.

ಈಗಿನವರ ಸಲಕರಣೆಗಳ ಬಗ್ಗೆಯೂ ಒಂದು ಮಾತು. ಈಗ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ, ಕುದಿಸುವ ಮೊದಲೇ ಅರ್ಧಕ್ಕಿಂತ ಹೆಚ್ಚು ನೀರು ತೆಗೆದುಬಿಡುವ ಮೆಷಿನ್ನು, ಒಂದು ಹನಿ ಇಟ್ಟರೆ ಸಕ್ಕರೆಯ ಅಂಶ ಹೇಳುವ ಯಂತ್ರ. ಬೇಡ ಎನ್ನುವುದಿಲ್ಲ. ಬಕೆಟ್ಟು ಹೊತ್ತು ಹೋದ ನನ್ನ ಮಂಡಿಯನ್ನು ಕೇಳಿದರೆ ಕೊಳವೆಗೆ ಕೈಮುಗಿಯುತ್ತದೆ. ಆದರೆ ಯಂತ್ರ ತೋರಿಸಿದ ಅಂಕಿಯನ್ನು ನಂಬಿ ನೀವು ಹೊರಗೆ ಹೋಗಿ ಫೋನ್ ನೋಡುತ್ತ ನಿಂತರೆ ನಿಮ್ಮ ಸಿರಪ್ಪನ್ನು ನೀವೇ ತಿನ್ನಬೇಕಾದೀತು. ಪ್ರತಿ ಸಲ ಇಳಿಸಿದಾಗಲೂ ಬಾಯಿಗೆ ಬಿಟ್ಟುಕೊಂಡು ನೋಡಿ. ಏಕೆಂದು ಆ ವರ್ಷದ ಕೊನೆಯ ದಿನ ನಡೆದದ್ದನ್ನು ಹೇಳಿದರೆ ತಿಳಿಯುತ್ತದೆ.

ಏಪ್ರಿಲ್ ಹತ್ತಿರವಾಗಿತ್ತು. ಇದ್ದಕ್ಕಿದ್ದಂತೆ ಬಿಸಿಲು ಕಾದು, ಮರಗಳು ಹುಚ್ಚು ಹಿಡಿದ ಹಾಗೆ ಸುರಿಸಿ, ರಸದ ಟ್ಯಾಂಕು ತುಂಬಿ ತುಳುಕುತ್ತಿತ್ತು. ಭಾನುವಾರ ಊರಿನ ಫೈರ್ ಸ್ಟೇಷನ್ನಿನಲ್ಲಿ ಪ್ಯಾನ್‌ಕೇಕ್ ಊಟ. ವರ್ಷವೂ ಅದಕ್ಕೆ ವಾಲ್ಟರ್ ಅವರದ್ದೇ ಸಿರಪ್. ಹಿಂದಿನ ವರ್ಷದ ಮುಖಭಂಗವನ್ನು ಅಳಿಸಲು ಇದೊಂದೇ ಅವಕಾಶ. ಬಾಟಲಿ ಒಯ್ಯಲು ಕ್ಯಾರನ್ ಬಂದಿದ್ದಳು. ಒಳ್ಳೆಯ ಹೆಂಗಸೇ, ಆದರೆ ಕೈಕಟ್ಟಿ ನಿಲ್ಲುವ ರೀತಿಯಲ್ಲೇ ಎದುರಿಗಿದ್ದವರು ತಪ್ಪು ಮಾಡಿದ್ದಾರೆ ಎನ್ನಿಸುವಂಥವಳು.

ಮೊದಲ ಸಿರಪ್ ಇಳಿಯಿತು. ಕೊಳವೆ ಕೆಂಪು ಗೆರೆಗೆ ಸರಿಯಾಗಿ ನಿಂತಿತು. ಬಣ್ಣ ಜೇನಿನಂತಿತ್ತು. ನಾನು ನಾಲಿಗೆಗೆ ಬಿಟ್ಟುಕೊಂಡೆ. ಮೊದಲು ಸಿಹಿಯೇ. ಆಮೇಲೆ ಹಿಂದಿನಿಂದ, ಎಲೆಕೋಸು ಬೇಯಿಸಿ ಮರೆತ ನೀರಿನಂಥ ಒಂದು ಒಗರು, ಕಹಿ. ಮರ ಮೊಗ್ಗಿಗೆ ಬಂದಿತ್ತು.

ವಾಲ್ಟರ್ ಚಮಚವನ್ನು ತುಟಿಗೆ ತಾಗಿಸಿ ನನ್ನ ಕಡೆ ನೋಡಿದರು. ನಾನು ಮಂಕಿ ಕ್ಯಾಪ್ ಸರಿಪಡಿಸಿಕೊಂಡೆ. ಅವರು ಅದನ್ನು ನೋಡಿದರು. ತುಂಬಿದ ಟ್ಯಾಂಕನ್ನೂ ನೋಡಿದರು, ಮಗಳನ್ನೂ ನೋಡಿದರು. "ಚೆನ್ನಾಗಿದೆ, ತುಂಬು" ಎಂದರು.

ನಾನು ಇನ್ನೊಂದು ಸಲ ಕ್ಯಾಪ್ ಎಳೆದುಕೊಂಡೆ, ಕಣ್ಣೇ ಮುಚ್ಚುವಷ್ಟು. "ತಲೆ ಕಡೀತಾ ಇದೆಯಾ?" ಎಂದಳು ಕ್ಯಾರನ್.

ಸುಮ್ಮನಿದ್ದರೆ ಭಾನುವಾರ ಊರಿಗೆ ಊರೇ ಉಗಿದು, ಒಲೆ ಗುಜರಿಗೆ. ಮಾತಾಡಿದರೆ ಗುಟ್ಟು ರಟ್ಟಾಗಿ, ಆಗಲೂ ಗುಜರಿಗೆ. ಹೇಗೂ ಗುಜರಿಗೇ ಹೋಗುವುದಾದರೆ ನಿಜವನ್ನಾದರೂ ಹೇಳಬೇಕು. ನಾನು ಕ್ಯಾಪನ್ನು ಪೂರ್ತಿ ತೆಗೆದೆ. "ರೀ, ಕೆಟ್ಟಿದೆ. ಮರ ಮೊಗ್ಗಿಗೆ ಬಂದಿದೆ. ಇದನ್ನ ಯಾರಿಗೂ ಕೊಡೋಕಾಗಲ್ಲ" ಎಂದೆ.

ವಾಲ್ಟರ್ ಕೈಯಲ್ಲಿದ್ದ ಸೌದೆಯನ್ನು ಒಲೆಗೆ ಹಾಕದೆ ಕೆಳಗಿಟ್ಟರು. "ಹಾಗಾದ್ರೆ ಈ ವರ್ಷಕ್ಕೆ ಮುಗೀತು" ಎಂದರು.

"ಅಪ್ಪ, ಈಗಷ್ಟೇ ಚೆನ್ನಾಗಿದೆ ಅಂದ್ರಿ" ಎಂದಳು ಕ್ಯಾರನ್.

"ವಿಮಲಾ ಕೆಟ್ಟಿದೆ ಅಂದ್ಳಲ್ಲ."

ಕ್ಯಾರನ್ ಚಮಚ ಕಿತ್ತುಕೊಂಡು ತಾನೇ ಸವಿದಳು. ಮುಖ ಕಿವುಚಿದಳು. ಅದೇ ರುಚಿ, ವಾಪಸು ಬಂದ ಬಾಟಲಿಗಳದ್ದು. "ಇದು ನಿಮಗೆ ಗೊತ್ತಾಗ್ಲಿಲ್ವಾ? ಹೋದ ವರ್ಷಾನೂ ಗೊತ್ತಾಗ್ಲಿಲ್ವಾ?"

"ಹೋದ ವರ್ಷ ವಿಮಲಾ ಇರ್ಲಿಲ್ಲ" ಎಂದರು ವಾಲ್ಟರ್.

ಅವಳು ಕಟ್ಟಿದ ಕೈ ಬಿಚ್ಚಿ ಸೌದೆಯ ರಾಶಿಯ ಮೇಲೆ ಕೂತಳು. "ಕ್ರಿಸ್‌ಮಸ್‌ಗೆ ನಾನು ಮಾಡಿದ ಕುಕೀಸು? ಎಲ್ಲಾ ಸಲಾನೂ ಚೆನ್ನಾಗಿದೆ ಅಂತಿದ್ರಿ" ಎಂದಳು.

"ನೋಡೋಕೆ ಚೆನ್ನಾಗಿದ್ವು."

ಅವಳು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ಹೊಗೆಯ ನೆಪವಿತ್ತು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಮುಂದಿನ ಫೆಬ್ರವರಿಗೆ ನೀವು ಬರ್ತೀರಾ?" ಎಂದಳು. ಬರುತ್ತೇನೆ ಎಂದೆ. ಮುಂದೆ ಬೇರೆ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ಆದರೂ ಪ್ರತಿ ವರ್ಷ ರಜೆಯನ್ನೆಲ್ಲ ಕೂಡಿಟ್ಟುಕೊಂಡು ಆ ಒಲೆಯ ಮುಂದೆಯೇ ಕಳೆದೆ. ಗುಜರಿಯವನು ಮತ್ತೆ ಬರಲಿಲ್ಲ. ಫೈರ್ ಸ್ಟೇಷನ್ನಿಗೆ ಆ ಭಾನುವಾರ ಅದಕ್ಕೂ ಮೊದಲು ತುಂಬಿಟ್ಟ ಬಾಟಲಿಗಳು ಹೋದವು. ಅರ್ಧ ಊಟಕ್ಕೇ ಸಾಲದಾದವು, ಜನ ಬೈದರು. ಸಾಲದು ಎಂದು ಬೈಸಿಕೊಳ್ಳುವುದು ಎಷ್ಟು ಹಿತ ಎಂದು ಅಂದು ನೋಡಿದೆ.

ಆದರೆ ಅದು ಭಾನುವಾರದ ಮಾತು. ಆ ದಿನ ಇನ್ನೂ ಕೆಲಸವಿತ್ತು. ಸೌದೆ ಹಾಕುವುದು ನಿಲ್ಲಿಸಿದರೂ ಕೆಂಡ ಆರುವವರೆಗೆ ತಟ್ಟೆ ಬರಿದಾಗುವಂತಿಲ್ಲ. ಟ್ಯಾಂಕಿನಲ್ಲಿದ್ದ ಕೆಟ್ಟ ರಸವನ್ನೇ ತಂದು ತಂದು ಮೂವರೂ ತಟ್ಟೆಗೆ ಸುರಿಯುತ್ತ ನಿಂತೆವು. ಕ್ಯಾರನ್ ಇನ್ನೊಂದು ಬಕೆಟ್ಟು ತುಂಬಲು ಹೊರಗೆ ಹೋದಾಗ ವಾಲ್ಟರ್ ನನ್ನ ಪಕ್ಕಕ್ಕೆ ಬಂದರು.

"ಈ ವರ್ಷದ್ದು ಹೇಗಿತ್ತು?" ಎಂದರು.

"ಚೆನ್ನಾಗಿತ್ತು ಅಂತ ದಿನಾ ಹೇಳ್ತಿದ್ನಲ್ಲ."

"ಚೆನ್ನಾಗಿತ್ತು ಅನ್ನೋದು ಗೊತ್ತು. ಹೇಗಿತ್ತು?"

ಬಾಯಿಬಡುಕಿ ಎಂದು ಹೆಸರಾದ ನಾನು ಅಷ್ಟು ದಿನ ಸರಿಯಿದೆ, ಸರಿಯಿಲ್ಲ ಎಂದು ಮಾತ್ರ ಹೇಳಿದ್ದೆ. ಅವರು ಕೇಳಿರಲೂ ಇಲ್ಲ. "ಮೊದಲ ವಾರದ್ದು ಹಗುರ, ಬೆಣ್ಣೆ ಕಾಯಿಸ್ತಾ ಇರೋ ಮನೆಗೆ ಹೊರಗಿನಿಂದ ಬಂದ ಹಾಗೆ" ಎಂದೆ. "ಆಮೇಲಿಂದು ಇನ್ನೂ ದಟ್ಟ. ಹಾಲು ಇಂಗಿಸಿದ ಪಾತ್ರೆಯ ತಳ ಕೆರೆದು ತಿಂದ ಹಾಗೆ. ಮಾರ್ಚ್ ಮಧ್ಯದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅದರಲ್ಲಿ ಒದ್ದೆ ತೊಗಟೆ ಇತ್ತು, ಸ್ವಲ್ಪ ಹೊಗೆ ಇತ್ತು."

ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಹೊಗೆ ಮೊದಲೇ ಬರುತ್ತಾ, ಕೊನೆಗಾ?" ಎಂದರು.

"ಕೊನೆಗೆ. ನುಂಗಿದ ಮೇಲೆ."

"ಹೌದು, ಕೊನೆಗೆ" ಎಂದು ವಾಲ್ಟರ್ ಕೈಯ ಹಿಂಬದಿಯಿಂದ ತುಟಿ ಒರೆಸಿಕೊಂಡರು.